ಹೆಪ್ಪು ಏಕೆ ಸೋಲುತ್ತದೆ?

ಮಾಂಬಲದ ಕೇಳುಗರೊಬ್ಬರ ಪ್ರಶ್ನೆ ಇದು: ಊರಿನಿಂದ ಅಮ್ಮನ ಮನೆಯ ಹೆಪ್ಪನ್ನು ಡಬ್ಬಿಯಲ್ಲಿ ತಂದರು. ಕೆಲವು ವಾರ ಮೊಸರು ಕತ್ತರಿಸುವಂತೆ ಗಟ್ಟಿಯಾಗಿ ಬಂತು. ಈಗ ಅದೇ ಆವಿನ್ ಹಾಲು, ಅದೇ ಪಾತ್ರೆ, ಆದರೂ ತಡವಾಗಿ ಹೆಪ್ಪುಗಟ್ಟಿ ನೀರು ಬಿಡುತ್ತಿದೆ. ತಪ್ಪು ಹಾಲಿನದೋ, ಹೆಪ್ಪಿನದೋ?

ಚೆನ್ನೈ ಸೆಕೆಯನ್ನು ದೂರುವ ಮೊದಲು ಆ ಡಬ್ಬಿಯೊಳಗಿನ ಜೀವಿಗಳ ಊಟದ ಕಷ್ಟವನ್ನು ಸ್ವಲ್ಪ ಕೇಳಿ. ಹೆಪ್ಪಿನಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ವಿಜ್ಞಾನಿಗಳು ಚೆನ್ನಾಗಿ ಅರಿತಿರುವುದು ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್. ಹಾಲಿನ ಸಕ್ಕರೆಯನ್ನು ಹುಳಿಯಾಗಿಸುವುದು ಇದಕ್ಕೆ ಸುಲಭ. ಆದರೆ ಬೆಳೆದು ಎರಡಾಗಲು ಅಮೈನೋ ಆಮ್ಲಗಳು ಬೇಕು. ಲ್ಯೂಸಿನ್, ವ್ಯಾಲಿನ್, ಹಿಸ್ಟಿಡಿನ್ ಮುಂತಾದ ಕೆಲವನ್ನು ಡೈರಿಯ ತಳಿಗಳು ಸಾಮಾನ್ಯವಾಗಿ ತಾವೇ ತಯಾರಿಸಿಕೊಳ್ಳಲಾರವು. ಹಾಲಿನಲ್ಲಿ ಬಿಡಿಬಿಡಿಯಾಗಿ ಸಿಗುವ ಅಮೈನೋ ಆಮ್ಲಗಳು ತೀರಾ ಕಡಿಮೆ. ಇರುವುದೆಲ್ಲ ಕೇಸಿನ್ ಎಂಬ ಪ್ರೋಟೀನಿನಲ್ಲಿ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಅದೇ. ಅದರ ಒಂದು ಬಗೆಯಾದ ಬೀಟಾ ಕೇಸಿನ್ 209 ಅಮೈನೋ ಆಮ್ಲಗಳ ಸರಪಳಿ. ಇಷ್ಟುದ್ದದ ಸರ ಬ್ಯಾಕ್ಟೀರಿಯಾದ ಬಾಗಿಲಲ್ಲಿ ತೂರುವುದಿಲ್ಲ.

ಹಾಗಾಗಿ ಅದು ತನ್ನ ಹೊರಗೋಡೆಯ ಮೇಲೆ ಒಂದು ಕತ್ತರಿ ಇಟ್ಟುಕೊಂಡಿದೆ. ಈ ಕಿಣ್ವ ಬೀಟಾ ಕೇಸಿನ್ ಒಂದನ್ನೇ ನೂರಕ್ಕೂ ಹೆಚ್ಚು ಬಗೆಯ ತುಂಡುಗಳಾಗಿ ಕತ್ತರಿಸುತ್ತದೆ. ಈ ತುಂಡುಗಳೇ ಪೆಪ್ಟೈಡುಗಳು. ಸ್ವಾರಸ್ಯ ಇರುವುದು ಇಲ್ಲಿಂದ ಮುಂದೆ. ಕತ್ತರಿಸಿದ್ದನ್ನೆಲ್ಲ ಅದು ಒಳಗೆ ತೆಗೆದುಕೊಳ್ಳುವುದಿಲ್ಲ, ಆರಿಸುತ್ತದೆ. ಬಾಗಿಲ ಹೊರಗೆ ಕಾವಲುಗಾರನಂಥ ಒಂದು ಪ್ರೋಟೀನ್ ನಿಂತು, ತನ್ನ ಪೊಟರೆಗೆ ಹೊಂದುವ ತುಂಡನ್ನು ಹಿಡಿದು ಬಾಗಿಲಿಗೆ ಒಪ್ಪಿಸುತ್ತದೆ. ಒಳಗೆಳೆದುಕೊಳ್ಳಲು ಜೀವಕೋಶ ಶಕ್ತಿ ಖರ್ಚು ಮಾಡುತ್ತದೆ. ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದವರು ಈ ಕಾವಲುಗಾರನ ಆಕಾರವನ್ನು 2009ರಲ್ಲಿ ಪ್ರಕಟಿಸಿದರು. ಪೊಟರೆ ದೊಡ್ಡದು, ಉದ್ದದ ತುಂಡೂ ಹಿಡಿಸುತ್ತದೆ. ಆದರೆ ಅದರೊಳಗೊಂದು ಚಿಕ್ಕ ಗೂಡಿದೆ. ಐಸೋಲ್ಯೂಸಿನ್‌ನಂಥ, ನೀರಿಗೆ ಒಗ್ಗದ ಜಿಡ್ಡು ಸ್ವಭಾವದ ಅಮೈನೋ ಆಮ್ಲವಿರುವ ತುಂಡುಗಳೆಂದರೆ ಅದಕ್ಕೆ ಪ್ರೀತಿ. ಎರಡು ಮೂರು ಕೊಂಡಿಗಳ ಪುಟ್ಟ ತುಂಡುಗಳಿಗೆ ಬೇರೆ ಬಾಗಿಲುಗಳಿವೆ. ಆದರೂ ದೊಡ್ಡ ಬಾಗಿಲೇ ಮುಖ್ಯ. ಅದನ್ನು ಕೆಡಿಸಿದ ಬ್ಯಾಕ್ಟೀರಿಯಾ ಹಾಲಿನಲ್ಲಿ ಬೆಳೆಯಲಾರದೆಂದು 1990ರ ದಶಕದಲ್ಲೇ ತೋರಿಸಲಾಗಿತ್ತು. (ಅಂದ ಹಾಗೆ, ನಾಲಿಗೆಗೆ ಕಹಿಯಾಗುವ ಪೆಪ್ಟೈಡುಗಳೂ ಹೆಚ್ಚಾಗಿ ಈ ಜಿಡ್ಡು ಸ್ವಭಾವದವೇ. ಅವು ತಿಂದು ಮುಗಿಯದೆ ಉಳಿದರೆ ಚೀಸ್ ಕಹಿಯಾಗುತ್ತದೆ.)

ಈಗ ಮಾಂಬಲದ ಡಬ್ಬಿಗೆ ಬರೋಣ. ಕತ್ತರಿಯ ಜೀನ್ ಸಾಮಾನ್ಯವಾಗಿ ಇರುವುದು ಪ್ಲಾಸ್ಮಿಡ್ ಎಂಬ ಬಿಡಿ ಉಂಗುರದಲ್ಲಿ. ಒಂದು ಎರಡಾಗುವಾಗ ಆ ಉಂಗುರ ಕೆಲವೊಮ್ಮೆ ಕಳೆದುಹೋಗುತ್ತದೆ. ಹಾಗೆ ಹುಟ್ಟಿದ ಮರಿಗೆ ಕತ್ತರಿ ಇಲ್ಲ, ಬಾಗಿಲು ಮಾತ್ರ ಇದೆ. ನೆರೆಯವರು ಕತ್ತರಿಸಿದ್ದರಲ್ಲಿ ತೇಲಿ ಬಂದದ್ದನ್ನು ಹಿಡಿದು ತಿನ್ನುತ್ತದೆ. ಕತ್ತರಿ ಮಾಡುವ ಖರ್ಚೂ ಉಳಿಯುತ್ತದೆ. ಮೊಸರಿನಿಂದ ಮೊಸರಿಗೆ ಹೆಪ್ಪು ದಾಟುತ್ತ ಹೋದಂತೆ ಇಂಥ ಬಿಟ್ಟಿ ಊಟದವರು ಹೆಚ್ಚುತ್ತಾರೆ, ಕತ್ತರಿಸುವವರು ಕಡಿಮೆಯಾಗುತ್ತಾರೆ, ಹುಳಿಯಾಗುವುದು ನಿಧಾನವಾಗುತ್ತದೆ. ಡೈರಿಗಳಿಗೆ ಇದು ಹಳೆಯ ತಲೆನೋವು. ಮನೆಯ ಹೆಪ್ಪು ಸೋಲಲು ಬೇರೆ ಕಾರಣಗಳೂ ಇವೆ: ಹಾಲು ತೀರಾ ಬಿಸಿಯಿದ್ದಾಗ ಬೆರೆಸುವುದು, ಮೇ ತಿಂಗಳ ಸೆಕೆಯಲ್ಲಿ ಹುಳಿ ಮಿತಿಮೀರಿದ ಮೊಸರನ್ನೇ ಮತ್ತೆ ಹಾಕುವುದು. ಆದರೆ ಹಾಲೂ ಪಾತ್ರೆಯೂ ಬದಲಾಗದೆ ಮೊಸರು ದಿನದಿನಕ್ಕೆ ಸೊರಗಿದರೆ ನನ್ನ ಅನುಮಾನ ಮೊದಲು ಹೆಪ್ಪಿನ ಮೇಲೆಯೇ.

ಡೈರಿಗಳು ಮೂಲ ಹೆಪ್ಪನ್ನು ಕಡುಶೀತದಲ್ಲಿ ಕಾಪಿಟ್ಟು, ಸೋತಾಗ ಅದರಿಂದಲೇ ಹೊಸದಾಗಿ ಆರಂಭಿಸುತ್ತವೆ. ನಾವೂ ಅದನ್ನೇ ಚಿಕ್ಕದಾಗಿ ಮಾಡಬಹುದು. ಊರಿನಿಂದ ತಂದ ದಿನವೇ ಮೊದಲ ಗಟ್ಟಿ ಮೊಸರನ್ನು ಐಸ್ ಟ್ರೇಯಲ್ಲಿ ಚಮಚ ಚಮಚವಾಗಿ ಹಾಕಿ ಫ್ರೀಜರಿನಲ್ಲಿಡಿ. ತಿಂಗಳಿಗೊಂದು ತುಂಡು ತೆಗೆದು ಉಗುರುಬೆಚ್ಚಗಿನ ಹಾಲಿಗೆ ಹಾಕಿ. ಮೊದಲ ಸಲ ಒಂದೆರಡು ಗಂಟೆ ಹೆಚ್ಚೇ ಹಿಡಿಯಬಹುದು. ಹೆಪ್ಪು ಸತ್ತಿತೆಂದು ಚೆಲ್ಲಬೇಡಿ.