‘ಸ್ವಾರ್ಥವಿಲ್ಲದೆ ಯಾರೂ ಸಹಾಯ ಮಾಡಲ್ಲ’: ವಿಜ್ಞಾನ ನಿಜಕ್ಕೂ ಹೀಗೆ ಹೇಳಿದೆಯೇ?

‘ಸಹಾಯ ಮಾಡಿದಾಗ ನಮಗೆ ಖುಷಿಯಾಗುತ್ತದೆ. ಆ ಖುಷಿಗಾಗಿಯೇ ನಾವು ಸಹಾಯ ಮಾಡುವುದು. ಹಾಗಾಗಿ ನಿಸ್ವಾರ್ಥ ಎಂಬುದೇ ಸುಳ್ಳು, ಇದು ವಿಜ್ಞಾನ ಒಪ್ಪಿದ ಸತ್ಯ.’ ಇಂಥದ್ದೊಂದು ಫಾರ್ವರ್ಡ್ ನಿಮಗೂ ಬಂದಿರಬಹುದು. ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಇದನ್ನು ಕಳಿಸಿದ್ದು ಚಿಕ್ಕಪ್ಪ. ಬೀದಿಯಲ್ಲಿ ಯಾರ ಸ್ಕೂಟರ್ ಕೆಟ್ಟು ನಿಂತರೂ ಮೊದಲು ತಳ್ಳಲು ಹೋಗುವವರೂ ಅವರೇ!

ಸಂದೇಶದ ಮೊದಲ ಸಾಲು ನಿಜ. ಎಡವಟ್ಟಾಗಿರುವುದು ಎರಡನೆಯದರಲ್ಲಿ. ಗಾಡಿ ಓಡಿದರೆ ಹೊಗೆ ಬರುತ್ತದೆ, ಆದರೆ ಹೊಗೆ ಬಿಡಲೆಂದೇ ಯಾರೂ ಗಾಡಿ ತೆಗೆಯುವುದಿಲ್ಲ. ಸಹಾಯದ ನಂತರ ಖುಷಿ ಬಂತು ಎಂದ ಮಾತ್ರಕ್ಕೆ ಖುಷಿಯೇ ಉದ್ದೇಶವಾಗಿತ್ತು ಎನ್ನಲಾಗದು. ಅಷ್ಟೇ ಅಲ್ಲ, ಎದುರಿಗಿರುವವರ ಕಷ್ಟದ ಬಗ್ಗೆ ಒಂದಿಷ್ಟೂ ಕಾಳಜಿ ಇಲ್ಲದಿದ್ದರೆ ಅದು ನೀಗಿದಾಗ ನಮಗೆ ಖುಷಿಯಾದರೂ ಯಾಕೆ ಆಗಬೇಕು?

ಆದರೆ ಉದ್ದೇಶ ಕಣ್ಣಿಗೆ ಕಾಣುವುದಿಲ್ಲವಲ್ಲ, ಅಳೆಯುವುದು ಹೇಗೆ? ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1981ರಲ್ಲಿ ಒಂದು ಉಪಾಯ ಹೂಡಿದರು. ಎಲೇನ್ ಎಂಬ ಯುವತಿಗೆ ವಿದ್ಯುತ್ ಶಾಕ್ ಕೊಡುತ್ತಿರುವುದನ್ನು 44 ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ ಪರದೆಯ ಮೇಲೆ ನೋಡಿದರು. (ಶಾಕ್ ಬರೀ ನಾಟಕ, ಅದು ನೋಡುವವರಿಗೆ ಗೊತ್ತಿರಲಿಲ್ಲ.) ಕೆಲವರಿಗೆ ‘ಸ್ವಲ್ಪ ನೋಡಿ ಹೊರಡಬಹುದು’ ಎಂದರು, ಉಳಿದವರಿಗೆ ‘ಕೊನೆಯವರೆಗೂ ನೋಡಲೇಬೇಕು’ ಎಂದರು. ಬಳಿಕ ಕೇಳಿದರು: ‘ಅವಳ ಬದಲು ನೀವು ಶಾಕ್ ತಗೋತೀರಾ?’

ನಮ್ಮ ಸಂಕಟ ಕಳೆದುಕೊಳ್ಳುವುದಷ್ಟೇ ಗುರಿಯಾಗಿದ್ದರೆ, ಎದ್ದು ಹೋಗುವ ಅವಕಾಶ ಇದ್ದವರು ಹೋಗಬೇಕಿತ್ತು. ಎಲೇನ್ ತಮಗಿಂತ ತೀರಾ ಬೇರೆ ಥರದವಳು ಎಂದು ನಂಬಿಸಲಾಗಿದ್ದವರು ಹಾಗೇ ಮಾಡಿದರು. ಹೊರಡುವ ಅವಕಾಶವಿದ್ದಾಗ ಅವರಲ್ಲಿ ಶೇ 18ರಷ್ಟು ಮಂದಿ ಮಾತ್ರ ನೆರವಿಗೆ ಬಂದರು. ಆದರೆ ಅವಳು ತಮ್ಮಂಥವಳೇ ಎಂದುಕೊಂಡು ಮರುಗಿದವರಲ್ಲಿ ಶೇ 91ರಷ್ಟು ಮಂದಿ, ಬಾಗಿಲು ತೆರೆದಿದ್ದರೂ, ಶಾಕ್ ತೆಗೆದುಕೊಳ್ಳಲು ಒಪ್ಪಿದರು.

ವಾದ ಇಲ್ಲಿಗೆ ಮುಗಿದಿಲ್ಲ. ನಾವು ಮರುಗುವಾಗ ಇನ್ನೊಬ್ಬರಲ್ಲಿ ನಮ್ಮನ್ನೇ ಕಾಣುತ್ತೇವೆ, ಹಾಗಾಗಿ ಅದೂ ಒಂದು ಬಗೆಯ ಸ್ವಾರ್ಥವೇ ಎಂದು ರಾಬರ್ಟ್ ಚಾಲ್ಡೀನಿಯಂಥ ಮನಶ್ಶಾಸ್ತ್ರಜ್ಞರು ತಕರಾರು ಎತ್ತಿದರು. ಒಂದೇ ಪ್ರಯೋಗ, ಅದೂ ಅಷ್ಟೇ ಜನ, ಕೊನೆಯ ಮಾತಾಗದು. ಆದರೂ ‘ವಿಜ್ಞಾನ ಒಪ್ಪಿದ ಸತ್ಯ’ ಎಂಬುದಂತೂ ಸುಳ್ಳು. ಇಂಥ ಸಂದೇಶಗಳು ಸಾಕ್ಷಿಗೆ ಕರೆಯುವ ರಿಚರ್ಡ್ ಡಾಕಿನ್ಸ್ ಅವರ ‘ದ ಸೆಲ್ಫಿಶ್ ಜೀನ್’ (1976) ಪುಸ್ತಕದಲ್ಲಿ ಸ್ವಾರ್ಥಿ ಎಂದಿರುವುದು ಜೀನನ್ನು, ಅದೂ ರೂಪಕವಾಗಿ. ಮನುಷ್ಯರ ಮನಸ್ಸಿನ ಉದ್ದೇಶದ ಬಗ್ಗೆ ಅಲ್ಲ. ಹೆಸರನ್ನಷ್ಟೇ ಓದಿದರೆ ಹೀಗಾಗುತ್ತದೆ.

ಹಾಗೆಂದು ಎಲ್ಲ ಸಹಾಯವೂ ಅಪ್ಪಟ ಎಂದಲ್ಲ. ಒಂದು ಬಾಳೆಹಣ್ಣು ಕೊಡಲು ಎಂಟು ಜನ ಕೈ ಹಿಡಿದ ಫೋಟೋಗಳನ್ನು ನಾವೆಲ್ಲ ನೋಡಿದ್ದೇವೆ. ಎಷ್ಟೋ ಸಲ ಎರಡೂ ಬೆರೆತಿರುತ್ತವೆ.

ಈ ಚರ್ಚೆಯ ಬಿಸಿ ತಟ್ಟುವುದು ರಸ್ತೆಯಲ್ಲಿ. ಅಪಘಾತವಾದವರನ್ನು ಆಸ್ಪತ್ರೆಗೆ ತಂದವರಿಗೇ ‘ನಿನಗೇನು ಸಂಬಂಧ? ಗುದ್ದಿದವನು ನೀನೇನಾ?’ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಕಾರಣವಿಲ್ಲದೆ ಯಾರೂ ಸಹಾಯ ಮಾಡಲ್ಲ ಎಂಬ ಅದೇ ನಂಬಿಕೆ ಅದು. ಆ ಭಯಕ್ಕೇ ಜನ ದೂರ ನಿಲ್ಲುತ್ತಿದ್ದರು. ಇಂಥವರ ರಕ್ಷಣೆಗೆ 2016ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿಗೆ ಮುದ್ರೆ ಒತ್ತಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಪ್ರತಿಫಲದ ನಿರೀಕ್ಷೆಯಿಲ್ಲದೆ, ಒಳ್ಳೆಯ ಮನಸ್ಸಿನಿಂದ, ತಾವಾಗಿಯೇ ನೆರವಾದವರ ಮೇಲೆ, ಗಾಯಾಳುವಿಗೆ ಏನಾದರೂ ಆದರೆ, ಕೇಸು ಹಾಕುವಂತಿಲ್ಲ ಎನ್ನುತ್ತದೆ ಅದು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ನೀವು ನೇರ ಮನೆಗೆ ಹೋಗಬಹುದು. ಹೆಸರು, ವಿಳಾಸ ಕೊಡಲೇಬೇಕೆಂದು ಪೊಲೀಸರೂ ಒತ್ತಾಯಿಸುವಂತಿಲ್ಲ.