ಸರಕು ವಾಹನ: ಖರೀದಿಗೆ ಮುನ್ನ ಬಾಡಿಗೆಯ ಪರೀಕ್ಷೆ

ವಹಿವಾಟು ಸ್ವಲ್ಪ ವೃದ್ಧಿಸಿದೊಡನೆ ಸಣ್ಣ ವರ್ತಕನ ಮನಸ್ಸಿನಲ್ಲಿ ಮೂಡುವ ಮೊದಲ ಆಲೋಚನೆ ಸ್ವಂತ ವಾಹನದ್ದು. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ನಂತರ ಈ ಆಲೋಚನೆ ಸಣ್ಣ ಊರುಗಳ ಉದ್ಯಮಿಗಳ ಕೈಗೂ ಎಟುಕುವಂತಾಯಿತು. ಆದರೆ ಕೈಗೆಟುಕುವುದೆಲ್ಲವೂ ಲಾಭದಾಯಕವಲ್ಲ. ಬಾಡಿಗೆ ವಾಹನಕ್ಕೆ ಓಡಿದ ದಿನ ಮಾತ್ರ ಹಣ ತೆರಬೇಕು. ಸ್ವಂತ ವಾಹನಕ್ಕಾದರೋ ಅಂಗಳದಲ್ಲಿ ನಿಂತ ದಿನವೂ ತೆರಬೇಕು. ಆದ್ದರಿಂದ ಖರೀದಿಗೆ ಮುನ್ನ ಕೆಲವು ತಿಂಗಳು ಬಾಡಿಗೆ ವಾಹನದಿಂದ ವ್ಯವಹಾರ ನಡೆಸಿ, ತನಗೆ ವಾಹನ ನಿಜವಾಗಿ ಎಷ್ಟು ದಿನ ಬೇಕು ಎಂಬುದನ್ನು ಅರಿಯುವುದು ವಿವೇಕದ ಕ್ರಮ.

ಸರಕಿನ ಸ್ವರೂಪ

ಯಳಂದೂರು ತಾಲ್ಲೂಕಿನ ಮಾಂಬಳ್ಳಿ ರೇಷ್ಮೆಯೊಡನೆ ಹಳೆಯ ನಂಟುಳ್ಳ ಊರು. ಇಂತಹ ಊರಿನ ನೂಲು ಬಿಚ್ಚಣಿಕೆದಾರನಿಗೆ ಎರಡು ಬಗೆಯ ಸಾಗಣೆ ಇರುತ್ತದೆ. ಕೊಳ್ಳೇಗಾಲ ಅಥವಾ ರಾಮನಗರದ ಮಾರುಕಟ್ಟೆಯಿಂದ ತರುವ ಗೂಡು ಹಗುರವಾದರೂ ಹೆಚ್ಚು ಸ್ಥಳ ಬೇಡುತ್ತದೆ ಮತ್ತು ವಿಳಂಬವನ್ನು ಸಹಿಸುವುದಿಲ್ಲ. ಮಾರಾಟಕ್ಕೆ ಹೋಗುವ ನೂಲಾದರೋ ಬೆಲೆಯಲ್ಲಿ ಭಾರ, ಗಾತ್ರದಲ್ಲಿ ಅಲ್ಪ. ಹೀಗಾಗಿ ವಾಹನ ಬೇಕಾಗುವುದು ಮುಖ್ಯವಾಗಿ ಗೂಡು ತರುವ ದಿನಗಳಲ್ಲಿ ಮಾತ್ರ. ಅದೇ ಪ್ರದೇಶದ ಬೆಲ್ಲ ಅಥವಾ ಅಕ್ಕಿಯ ವರ್ತಕನ ಅಗತ್ಯ ಬೇರೆ. ಒಬ್ಬರಿಗೆ ಲಾಭ ತಂದ ವಾಹನ ಮತ್ತೊಬ್ಬರಿಗೆ ನಷ್ಟವಾಗುವುದು ಈ ಕಾರಣದಿಂದಲೇ.

ಒಂದು ಲೆಕ್ಕ

ವಿಷಯವನ್ನು ಸ್ಪಷ್ಟಪಡಿಸಲು ಕೆಲವು ಊಹೆಯ ಅಂಕಿಗಳನ್ನು ತೆಗೆದುಕೊಳ್ಳಬಹುದು. ವಾಹನದ ಬೆಲೆ ರೂ. 6,00,000, ಐದು ವರ್ಷಗಳ ನಂತರ ಮಾರಿದರೆ ದೊರೆಯುವುದು ರೂ. 2,50,000 ಎಂದಿಟ್ಟುಕೊಳ್ಳೋಣ. ಆಗ ವಾರ್ಷಿಕ ಸ್ಥಿರ ವೆಚ್ಚ ಹೀಗಾಗುತ್ತದೆ:

ಬೆಲೆಯ ಇಳಿಕೆ – ರೂ. 70,000
ಸರಾಸರಿ ಹೂಡಿಕೆಯ ಮೇಲೆ ಶೇ. 10 ಬಡ್ಡಿ – ರೂ. 42,500
ವಿಮೆ, ತೆರಿಗೆ, ಅರ್ಹತಾ ಪತ್ರ ಇತ್ಯಾದಿ – ರೂ. 40,000
ಚಾಲಕನ ವೇತನ, ತಿಂಗಳಿಗೆ 15,000ದಂತೆ – ರೂ. 1,80,000
ಒಟ್ಟು – ರೂ. 3,32,500

ಚಾಲಕಸಹಿತ ಬಾಡಿಗೆ ದಿನಕ್ಕೆ ರೂ. 2,000, ಸ್ವಂತ ವಾಹನದ ಟೈರು ಹಾಗೂ ದುರಸ್ತಿ ಓಡಿದ ದಿನಕ್ಕೆ ರೂ. 200 ಎಂದು ಭಾವಿಸಿದರೆ, ಸ್ವಂತ ವಾಹನ ಓಡಿದ ಪ್ರತಿ ದಿನವೂ ಉಳಿಯುವುದು ರೂ. 1,800. ಇಂಧನ ಎರಡು ಕಡೆಯೂ ಸಮಾನವೆಂದು ಬಿಡಲಾಗಿದೆ. 3,32,500ನ್ನು 1,800ರಿಂದ ಭಾಗಿಸಿದರೆ ಸುಮಾರು 185 ದಿನ, ಅಂದರೆ ತಿಂಗಳಿಗೆ 15ರಿಂದ 16 ದಿನ. ಇದೇ ಲಾಭ ನಷ್ಟ ಸಮವಾಗುವ ಹಂತ.

ತಿಂಗಳಿಗೆ 10 ದಿನ ಮಾತ್ರ ವಾಹನ ಬೇಕಾದವನು ಖರೀದಿಸಿದರೆ ವರ್ಷಕ್ಕೆ ರೂ. 1,16,500 ಹೆಚ್ಚು ತೆರುತ್ತಾನೆ. 22 ದಿನ ಬೇಕಾದವನಿಗೆ ರೂ. 1,42,700 ಉಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅತಿ ದೊಡ್ಡ ವೆಚ್ಚ ವಾಹನದ್ದಲ್ಲ, ಚಾಲಕನದು. ಮಾಲೀಕನೇ ಚಾಲನೆ ಮಾಡಿದರೆ ಈ ಹಂತ ಸುಮಾರು 85 ದಿನಕ್ಕೆ ಇಳಿಯುತ್ತದೆ. ಲಘು ವಾಹನದ ಪರವಾನಗಿ ಉಳ್ಳವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆಯಿಲ್ಲದೆ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪಿತ್ತಿದೆ. ಆದರೆ ಮಾಲೀಕ ರಸ್ತೆಯಲ್ಲಿದ್ದಾಗ ಅಂಗಡಿ ನೋಡುವವರು ಯಾರು ಎಂಬ ಪ್ರಶ್ನೆಗೂ ಬೆಲೆ ಕಟ್ಟಬೇಕು.

ಪರೀಕ್ಷೆಯ ಕ್ರಮ

1. ಕನಿಷ್ಠ ಮೂರು ತಿಂಗಳು ಬಾಡಿಗೆ ವಾಹನ ಬಳಸಬೇಕು. ಅದರಲ್ಲಿ ಒಂದು ತಿಂಗಳು ವ್ಯಾಪಾರ ಬಿರುಸಾಗಿರುವ ಕಾಲ, ಒಂದು ತಿಂಗಳು ಮಂದವಾಗಿರುವ ಕಾಲ ಆಗಿರಬೇಕು.

2. ಕೊಳ್ಳಬೇಕೆಂದಿರುವ ಮಾದರಿಯನ್ನೇ ಬಾಡಿಗೆಗೆ ಪಡೆಯಬೇಕು. ಊರಿನ ಓಣಿಯಲ್ಲಿ ತಿರುಗುವುದೇ, ಪೂರ್ಣ ಭಾರದೊಡನೆ ಮಲೆ ಮಹದೇಶ್ವರ ಬೆಟ್ಟದ ಏರನ್ನು ಹತ್ತುವುದೇ ಎಂಬುದು ಮಾರಾಟ ಮಳಿಗೆಯಲ್ಲಿ ತಿಳಿಯುವುದಿಲ್ಲ.

3. ದಿನಾಂಕ, ಸ್ಥಳ, ಕಿಲೋಮೀಟರು, ತೂಕ, ಕಾದ ಸಮಯ, ಹಿಂದಿರುಗುವಾಗ ಸರಕು ಇತ್ತೇ ಇಲ್ಲವೇ – ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

4. ಬೇಕೆಂದ ದಿನ ವಾಹನ ದೊರೆಯದೆ ಆದ ನಷ್ಟವನ್ನೂ ದಾಖಲಿಸಬೇಕು. ಗೂಡು ತಡವಾಗಿ ಬಂದು ಕೆಟ್ಟರೆ ಅದೂ ಬಾಡಿಗೆಯ ವೆಚ್ಚವೇ.

5. ಹಳದಿ ಫಲಕದ ವಾಹನವನ್ನೇ ಪಡೆದು ವಿಮೆ ಮತ್ತು ಅರ್ಹತಾ ಪತ್ರಗಳನ್ನು ಪರಿಶೀಲಿಸಬೇಕು. ಖಾಸಗಿ ಬಳಕೆಗೆ ನೋಂದಾಯಿಸಿದ ಬಿಳಿ ಫಲಕದ ವಾಹನ ಅಗ್ಗವಾಗಿ ದೊರೆತರೂ ಅಪಘಾತವಾದಾಗ ವಿಮಾ ಪರಿಹಾರ ತೊಡಕಾಗುತ್ತದೆ.

ತೆರಿಗೆಯ ಅಂಶಗಳು

ಸರಕು ವಾಹನಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆ ವಿಧಿಸಬಹುದಾದ ವಹಿವಾಟು ನಡೆಸುವ ನೋಂದಾಯಿತ ವರ್ತಕರು ಈ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆಯಬಹುದು. ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ.

ಆದಾಯ ತೆರಿಗೆಯಲ್ಲಿ ಸ್ವಂತ ವ್ಯಾಪಾರಕ್ಕೆ ಬಳಸುವ ವಾಹನಕ್ಕೆ ಸವಕಳಿ ಶೇ. 15. ಬಾಡಿಗೆಗೆ ಓಡಿಸುವುದನ್ನೇ ವ್ಯವಹಾರವಾಗಿ ಉಳ್ಳವರ ಲಾರಿಗೆ ಶೇ. 30. ಬಿಡುವಿನ ದಿನ ಒಮ್ಮೊಮ್ಮೆ ಬಾಡಿಗೆಗೆ ಬಿಟ್ಟ ಮಾತ್ರಕ್ಕೆ ಹೆಚ್ಚಿನ ದರ ದೊರೆಯದು. ಕೊಂಡ ವರ್ಷದಲ್ಲಿ ವಾಹನ ಬಳಕೆಯಲ್ಲಿದ್ದ ಅವಧಿ 180 ದಿನಕ್ಕಿಂತ ಕಡಿಮೆಯಾದರೆ ಆ ವರ್ಷದ ಸವಕಳಿ ಅರ್ಧ ಮಾತ್ರ. ಆದ್ದರಿಂದ ಅಕ್ಟೋಬರ್ ಮೊದಲ ವಾರದ ನಂತರ ಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಹಿವಾಟಿನ ಶೇ. 8 ಅಥವಾ 6ರಷ್ಟನ್ನು ಲಾಭವೆಂದು ಘೋಷಿಸುವ ಅಂದಾಜು ಪದ್ಧತಿಯವರಿಗಂತೂ ಬಾಡಿಗೆಯಾಗಲಿ ಸವಕಳಿಯಾಗಲಿ ಪ್ರತ್ಯೇಕವಾಗಿ ಕಳೆಯಲಾಗದು. ತೆರಿಗೆ ಉಳಿಯುವುದೆಂಬ ಮಾತಿಗೆ ಅವರು ಮಾರುಹೋಗಬಾರದು.

ನಗದು ವ್ಯವಹಾರದಲ್ಲಿ ಎಚ್ಚರ ಅಗತ್ಯ. ಸರಕು ವಾಹನದ ಬಾಡಿಗೆಗಾಗಿ ಒಬ್ಬರಿಗೆ ಒಂದು ದಿನ ನೀಡುವ ನಗದು ರೂ. 35,000 ಮೀರಿದರೆ ಆ ವೆಚ್ಚ ಅಮಾನ್ಯವಾಗುತ್ತದೆ. ವಾಹನ ಖರೀದಿಯಲ್ಲಿ ಮಿತಿ ರೂ. 10,000 ಮಾತ್ರ, ಅದನ್ನು ಮೀರಿ ನಗದಾಗಿ ಕೊಟ್ಟ ಮುಂಗಡವು ಸವಕಳಿಗೆ ಆಧಾರವಾದ ಬೆಲೆಯಲ್ಲಿ ಸೇರುವುದಿಲ್ಲ.

ತೀರ್ಮಾನ

ಸಾಲ ಸುಲಭವಾಗಿ ದೊರೆಯುವುದು ಖರೀದಿಗೆ ಕಾರಣವಾಗಬಾರದು. ಮುಂಗಡವಾಗಿ ಕಟ್ಟುವ ಒಂದೂವರೆ ಲಕ್ಷ ರೂಪಾಯಿ ನೂಲು ಬಿಚ್ಚಣಿಕೆದಾರನಿಗೆ ಗೂಡು ಕೊಳ್ಳುವ ದುಡಿಯುವ ಬಂಡವಾಳ. ಅದು ವಾಹನದಲ್ಲಿ ಸಿಲುಕಿದರೆ, ಗೂಡಿನ ಬೆಲೆ ಇಳಿದ ದಿನ ಆತ ಬರಿಗೈಯಲ್ಲಿ ಮಾರುಕಟ್ಟೆಯಲ್ಲಿ ನಿಲ್ಲಬೇಕಾಗುತ್ತದೆ. ಮೂರು ತಿಂಗಳ ಪುಸ್ತಕವು 16 ದಿನಕ್ಕಿಂತ ಹೆಚ್ಚು ಎಂದು ತೋರಿಸಿದರೆ ನಿಶ್ಚಿಂತೆಯಿಂದ ಕೊಳ್ಳಬಹುದು. ಕಡಿಮೆಯಾದರೆ ಬಾಡಿಗೆಯಲ್ಲೇ ಮುಂದುವರಿಯಬಹುದು. ತನ್ನ ಊರಿನ ಬಾಡಿಗೆ, ವೇತನ ಮತ್ತು ಬಡ್ಡಿಯ ದರಗಳನ್ನು ಮೇಲಿನ ಲೆಕ್ಕದಲ್ಲಿ ಇರಿಸಿದರೆ ಪ್ರತಿಯೊಬ್ಬ ವರ್ತಕನಿಗೂ ತನ್ನದೇ ಆದ ಸಂಖ್ಯೆ ದೊರೆಯುತ್ತದೆ. ಅದು ದೊರೆತ ಮೇಲೆಯೇ ಮಾರಾಟಗಾರನ ಬಳಿ ಹೋಗುವುದು ಲೇಸು.