ಹೊಗೆಯ ಚಟವನ್ನು ಬಿಡಿಸುವ ವಿದ್ಯೆ

ರೋಗಕ್ಕೆ ಮದ್ದು ಕೊಡುವುದು ವೈದ್ಯರ ಕೆಲಸವೆಂಬುದನ್ನು ಎಲ್ಲರೂ ಬಲ್ಲರು. ರೋಗಕ್ಕೆ ಮೂಲವಾದ ಚಟವನ್ನು ಬಿಡಿಸುವುದೂ ಅವರ ಕೆಲಸವೇ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಕೆಮ್ಮೆಂದು ಬಂದವನಿಗೆ ನಾಲ್ಕು ಮಾತ್ರೆಗಳನ್ನು ಕೊಟ್ಟು, "ಬೀಡಿ ಸೇದಬೇಡ" ಎಂದು ಗದರಿಸಿ ಕಳುಹಿಸಿದರೆ, ಮಾತ್ರೆ ತೀರುವುದರೊಳಗೆ ಬುದ್ಧಿವಾದವೂ ತೀರಿಹೋಗಿರುತ್ತದೆ. ಚಟ ಬಿಡಿಸುವುದು ಒಂದು ವಿದ್ಯೆ. ವಿದ್ಯಾರ್ಥಿದೆಸೆಯಲ್ಲಿಯೇ ಅದನ್ನು ಕಲಿಯಬೇಕು. ಈ ವಿಷಯವಾಗಿ ವಾಚಕರ ಮುಂದೆ ಕೆಲವು ಮಾತುಗಳನ್ನಿಡಲು ಬಯಸುತ್ತೇವೆ.

ಧೂಮಪಾನದ ಹಾನಿಯು ಈಗ ಊಹೆಯ ಮಾತಾಗಿ ಉಳಿದಿಲ್ಲ. ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಎಂಬ ಆಂಗ್ಲ ಪಂಡಿತರು 1951ರಲ್ಲಿ ತಮ್ಮ ದೇಶದ ವೈದ್ಯರನ್ನೇ ಆರಿಸಿಕೊಂಡು, ಅವರಲ್ಲಿ ಯಾರು ಸೇದುವರು, ಯಾರು ಸೇದರು ಎಂಬುದನ್ನು ವಿಚಾರಿಸಿ ಬರೆದಿಟ್ಟರು. ಐವತ್ತು ವರ್ಷಗಳ ಲೆಕ್ಕವು 2004ರಲ್ಲಿ ಪ್ರಕಟವಾದಾಗ, ಬಿಡದೆ ಸಿಗರೇಟು ಸೇದಿದ ಗಂಡಸರು ಸರಾಸರಿ 10 ವರ್ಷಗಳ ಆಯುಸ್ಸನ್ನು ಕಳೆದುಕೊಂಡದ್ದು ಕಂಡುಬಂದಿತು. 60ನೆಯ ವಯಸ್ಸಿನಲ್ಲಿ ಬಿಟ್ಟವರು ಸುಮಾರು 3 ವರ್ಷಗಳನ್ನೂ, 50ರಲ್ಲಿ ಬಿಟ್ಟವರು 6 ವರ್ಷಗಳನ್ನೂ, 40ರಲ್ಲಿ ಬಿಟ್ಟವರು 9 ವರ್ಷಗಳನ್ನೂ ಉಳಿಸಿಕೊಂಡರು. ಆದುದರಿಂದ "ಇಷ್ಟು ವಯಸ್ಸಾದ ಮೇಲೆ ಬಿಟ್ಟೇನು ಫಲ?" ಎಂಬ ಮಾತಿಗೆ ಅರ್ಥವಿಲ್ಲ.

ವೈದ್ಯರ ಮಾತಿಗೆ ಬಲವುಂಟೆ? ಲಂಡನ್ನಿನಲ್ಲಿ 28 ಮಂದಿ ವೈದ್ಯರ ಬಳಿಗೆ ಬಂದ ಎರಡು ಸಾವಿರಕ್ಕೂ ಮಿಕ್ಕಿದ ಧೂಮಪಾನಿಗಳನ್ನು ಕುರಿತ ಒಂದು ಪರೀಕ್ಷೆಯ ಫಲವು 1979ರಲ್ಲಿ ಪ್ರಕಟವಾಯಿತು. ಏನೂ ಹೇಳದೆ ಕಳುಹಿಸಿದವರಲ್ಲಿ, ಕೂಡಲೇ ಬಿಟ್ಟು ವರ್ಷದ ಕೊನೆಗೂ ಸೇದದೆ ಇದ್ದವರು ನೂರಕ್ಕೆ 0.3 ಮಾತ್ರ. ಒಂದೆರಡು ನಿಮಿಷ ಹಿತ ನುಡಿದು, ಒಂದು ಪುಸ್ತಿಕೆಯನ್ನಿತ್ತು, ಮತ್ತೆ ವಿಚಾರಿಸುವೆವೆಂದು ತಿಳಿಸಿದವರಲ್ಲಿ ನೂರಕ್ಕೆ 5.1. ಇದು ಅಲ್ಪವೆಂದು ತೋರಬಹುದು. ಆದರೆ ವೈದ್ಯರೆಲ್ಲರೂ ಪ್ರತಿ ಧೂಮಪಾನಿಗೂ ಈ ಎರಡು ನಿಮಿಷಗಳನ್ನು ಕೊಟ್ಟರೆ ಉಳಿಯುವ ಜೀವಗಳು ಅಲ್ಪವಲ್ಲ.

ನಮ್ಮ ದೇಶದಲ್ಲಿ 2016-17ರಲ್ಲಿ ನಡೆದ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ 10.7 ಮಂದಿ ಧೂಮಪಾನಿಗಳು. ಹಿಂದಿನ ವರ್ಷದಲ್ಲಿ ವೈದ್ಯರ ಬಳಿಗೆ ಹೋಗಿದ್ದ ಧೂಮಪಾನಿಗಳಲ್ಲಿ ಅರ್ಧಕ್ಕಿಂತ ತುಸು ಕಡಮೆ ಜನರು ಮಾತ್ರವೇ ಬಿಡಬೇಕೆಂಬ ಹಿತವಚನವನ್ನು ಕೇಳಿದ್ದರು. ಇದಕ್ಕೆ ಕಾರಣ ವೈದ್ಯರಲ್ಲಿ ದಯೆಯಿಲ್ಲವೆಂಬುದಲ್ಲ. ಹೊಗೆಯಿಂದ ಬರುವ ರೋಗಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವ ಶಿಕ್ಷಣವು, ಎದುರಿಗೆ ಕುಳಿತ ಮನುಷ್ಯನೊಡನೆ ಹೇಗೆ ಮಾತನಾಡಬೇಕೆಂಬುದನ್ನು ಸಾಮಾನ್ಯವಾಗಿ ಕಲಿಸುವುದಿಲ್ಲ. ತಾನೇ ಕದ್ದು ಸೇದುವ ವಿದ್ಯಾರ್ಥಿಯಂತೂ ರೋಗಿಗೆ ಹೇಳಲು ಹಿಂಜರಿಯುವನು. ಅವನ ಚಟವನ್ನು ಬಿಡಿಸುವುದೇ ಮೊದಲ ಪಾಠವಾಗಬೇಕು.

ಕಲಿಸತಕ್ಕ ಕ್ರಮವು ಕಠಿನವಾದುದಲ್ಲ. ಕೇಳುವುದು, ಹಿತ ಹೇಳುವುದು, ರೋಗಿಯ ಮನಸ್ಸನ್ನು ಅರಿಯುವುದು, ನೆರವಾಗುವುದು, ಮರಳಿ ವಿಚಾರಿಸುವುದು: ಇವೇ ಐದು ಮೆಟ್ಟಲುಗಳು. ಒಬ್ಬ ವಿದ್ಯಾರ್ಥಿಯು ರೋಗಿಯ ವೇಷವನ್ನೂ ಇನ್ನೊಬ್ಬನು ವೈದ್ಯನ ವೇಷವನ್ನೂ ತಾಳಿ ಗುರುಗಳ ಎದುರಿನಲ್ಲಿ ಅಭ್ಯಾಸ ಮಾಡಬೇಕು. "ಬಿಡದಿದ್ದರೆ ಸಾಯುತ್ತೀಯೆ" ಎಂದರೆ ರೋಗಿಯು ಮುಂದಿನ ಸಲ ಸುಳ್ಳು ಹೇಳುತ್ತಾನೆ. "ಯಜಮಾನರೇ, ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯ ಬೀಡಿ ಬೇಕಾಗುತ್ತದೆ? ಹಿಂದೆ ಎಂದಾದರೂ ಬಿಟ್ಟಿದ್ದಿರಾ? ಮತ್ತೆ ಏತಕ್ಕೆ ಹಿಡಿದಿರಿ?" ಎಂದರೆ ಬಾಯಿ ಬಿಡುತ್ತಾನೆ. ಎದ್ದ ಅರ್ಧ ಗಂಟೆಯೊಳಗೆ ಬೇಕೆನ್ನುವವನಿಗೆ ನಿಕೋಟಿನ್ನಿನ ಹಿಡಿತವು ಬಲವಾಗಿರುವುದರಿಂದ, ಬರಿಯ ಮಾತಿನ ಜೊತೆಗೆ ನಿಕೋಟಿನ್ ಗಮ್ಮು ಮೊದಲಾದ ಔಷಧಗಳೂ ಬೇಕಾಗಬಹುದು. ಬಿಟ್ಟ ಮೊದಲ ವಾರದಲ್ಲಿ ಸಿಡುಕು, ನಿದ್ರಾಭಂಗಗಳು ಹೆಚ್ಚಾಗಿದ್ದು ಕೆಲವು ವಾರಗಳಲ್ಲಿ ತಗ್ಗುವುವೆಂದು ಮೊದಲೇ ತಿಳಿಸಿದರೆ ರೋಗಿಯು ಧೈರ್ಯಗೆಡನು. ಎಡವಿದವನನ್ನು ನಿಂದಿಸದೆ ಮತ್ತೆ ಎಬ್ಬಿಸುವ ತಾಳ್ಮೆಯನ್ನೂ ಕಲಿಯಬೇಕು.

ಈ ವಿದ್ಯೆಯು ವೈದ್ಯರಿಗೆ ಮಾತ್ರ ಮೀಸಲಲ್ಲ. ರೋಗಿಯ ಮಗ್ಗುಲಲ್ಲಿ ಹೆಚ್ಚು ಹೊತ್ತು ಇರುವವಳು ದಾದಿ. ಹಲ್ಲಿನ ಕರೆಯನ್ನು ಮೊದಲು ಕಾಣುವವನು ದಂತವೈದ್ಯ. ತಿಂಗಳು ತಿಂಗಳು ಮದ್ದು ಕೊಡುವವನು ಔಷಧದಂಗಡಿಯವನು. ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ದೂರವಾಣಿಯ ನೆರವೂ ಉಂಟು. ನಮ್ಮ ಮನೆಗಳ ಹುಡುಗ ಹುಡುಗಿಯರು ಇಂತಹ ವಿದ್ಯಾಲಯಗಳಲ್ಲಿ ಓದುತ್ತಿರುವರಷ್ಟೆ. ಅವರು ರಜೆಗೆ ಬಂದಾಗ, ಈ ಪಾಠವನ್ನು ಕಲಿಸಿದರೇ ಎಂದು ಗೃಹಸ್ಥರು ಕೇಳಲಿ. ಮನೆಯಲ್ಲಿ ಸೇದುವ ಹಿರಿಯರಿದ್ದರೆ, ಮಕ್ಕಳ ಮೊದಲ ಅಭ್ಯಾಸವು ಅವರ ಬಳಿಯಲ್ಲಿಯೇ ಪ್ರೀತಿಯಿಂದ ಆರಂಭವಾಗಲಿ.